ಎಲ್ಲರೂ ಸೇರಿ ಕಟ್ಟಿದ್ದು ಯಾರ ಸ್ವತ್ತು?

1811ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಒಂದು ಮಾಸಿಕ ವರದಿ ಹೊರಬರತೊಡಗಿತು. ಅಲ್ಲಿನ ತಾಮ್ರ ಮತ್ತು ತವರದ ಗಣಿಗಳಲ್ಲಿ ನೀರೆತ್ತುತ್ತಿದ್ದ ಉಗಿಯಂತ್ರಗಳ ಲೆಕ್ಕ ಅದರಲ್ಲಿ ಇರುತ್ತಿತ್ತು: ಯಾವ ಗಣಿಯ ಯಂತ್ರ ಎಷ್ಟು ಕಲ್ಲಿದ್ದಲು ಉರಿಸಿ ಎಷ್ಟು ನೀರು ಎತ್ತಿತು, ಅದರ ರಚನೆ ಎಂಥದು, ಎಂಜಿನಿಯರ್ ಯಾರು. ಅದನ್ನು ಶುರುಮಾಡಿದ ಜೋಯೆಲ್ ಲೀನ್ ಸ್ವತಃ ಗಣಿಯ ಮೇಲ್ವಿಚಾರಕ. ಅದಕ್ಕೂ ಮುಂಚೆ ಜೇಮ್ಸ್ ವ್ಯಾಟ್‌ನ ಪೇಟೆಂಟ್ ಗಣಿಯವರ ಕೈ ಕಟ್ಟಿಹಾಕಿತ್ತು. ಉಳಿತಾಯವಾದ ಇಂಧನದ ಬೆಲೆಯಲ್ಲಿ ಮೂರನೇ ಒಂದು ಪಾಲು ಬೋಲ್ಟನ್ ಮತ್ತು ವ್ಯಾಟ್ ಕಂಪನಿಗೆ ಸಲ್ಲಬೇಕಿತ್ತು. 1800ರಲ್ಲಿ ಆ ಪೇಟೆಂಟ್ ಮುಗಿದ ಮೇಲೆ ಕಾರ್ನ್‌ವಾಲ್‌ನವರು ಸುಧಾರಣೆಗಳನ್ನು ಮುಚ್ಚಿಡಲಿಲ್ಲ, ಅಚ್ಚು ಹಾಕಿಸಿದರು. ರಿಚರ್ಡ್ ಟ್ರೆವಿಥಿಕ್ 1812ರಲ್ಲಿ ಕೂರಿಸಿದ ಅಧಿಕ ಒತ್ತಡದ ಯಂತ್ರಕ್ಕೆ ಪೇಟೆಂಟ್ ಪಡೆಯುವ ಗೋಜಿಗೇ ಹೋಗಲಿಲ್ಲ. ಒಬ್ಬರ ತಿದ್ದುಪಡಿಯ ಮೇಲೆ ಇನ್ನೊಬ್ಬರು ಕಟ್ಟುತ್ತಾ ಹೋದರು. ಮೂರು ದಶಕಗಳಲ್ಲಿ ಯಂತ್ರಗಳ ಸರಾಸರಿ ದಕ್ಷತೆ ದುಪ್ಪಟ್ಟನ್ನೂ ದಾಟಿತು. ಮುಂದೆ ಕೋಲಾರದ ಚಿನ್ನದ ಗಣಿಗಳಿಗೆ ಬಂದು ನೆಲೆಸಿದ ಕುಶಲಕರ್ಮಿಗಳು ಇದೇ ಸೀಮೆಯವರು.

ಅರ್ಥಶಾಸ್ತ್ರಜ್ಞ ರಾಬರ್ಟ್ ಆಲೆನ್ 1983ರಲ್ಲಿ ಇಂಥ ಪದ್ಧತಿಯನ್ನು ಸಾಮೂಹಿಕ ಆವಿಷ್ಕಾರ ಎಂದು ಗುರುತಿಸಿದರು. ಅವರು ಉದಾಹರಣೆಗೆ ತೆಗೆದುಕೊಂಡದ್ದು ಇಂಗ್ಲೆಂಡಿನ ಕ್ಲೀವ್‌ಲ್ಯಾಂಡ್ ಪ್ರದೇಶದ ಕಬ್ಬಿಣದ ಕುಲುಮೆಗಳನ್ನು. ಅಂದರೆ ಅಪರಿಚಿತರು ಕೂಡಿ ಉದ್ಯಮದ ಹೊಸತನವನ್ನು ಕಟ್ಟುವುದು ಅಂತರ್ಜಾಲದ ಕೊಡುಗೆಯಲ್ಲ. ಅಂತರ್ಜಾಲ ಆ ಕೂಟಕ್ಕೆ ಊರಿನ ಎಲ್ಲೆಯನ್ನು ಅಳಿಸಿತು, ಖರ್ಚನ್ನು ಇಳಿಸಿತು. ಕಳೆದ ಐವತ್ತು ವರ್ಷಗಳಲ್ಲಿ ಈ ಕ್ಷೇತ್ರದ ಅಧ್ಯಯನ ಮತ್ತು ಪ್ರಯೋಗ ಎರಡೂ ಒಂದು ಪ್ರಶ್ನೆಯಿಂದ ಇನ್ನೊಂದಕ್ಕೆ ಸರಿದಿವೆ. ಹೊಸ ಯೋಚನೆ ಯಾರಲ್ಲಿದೆ ಎಂಬುದು ಮೊದಲಿನ ಪ್ರಶ್ನೆ. ಕೂಡಿ ಕಟ್ಟಿದ್ದರ ಮೇಲೆ ಯಾರಿಗೆ ಎಷ್ಟು ಹಕ್ಕು ಎಂಬುದು ಇಂದಿನದು.

ಬಳಸುವವರೇ ಮೊದಲು

ಕಂಪನಿ ತಯಾರಿಸುತ್ತದೆ, ಗ್ರಾಹಕ ಕೊಳ್ಳುತ್ತಾನೆ ಎಂಬ ಸರಳ ಚಿತ್ರವನ್ನು ಮೊದಲು ಕದಡಿದವರು ಎಂಐಟಿಯ ಎರಿಕ್ ವಾನ್ ಹಿಪ್ಪೆಲ್. ವೈಜ್ಞಾನಿಕ ಉಪಕರಣಗಳಲ್ಲಿ ಆದ 111 ಸುಧಾರಣೆಗಳ ಜಾಡು ಹಿಡಿದು 1976ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುಖ್ಯ ಸುಧಾರಣೆಗಳಲ್ಲಿ ಸುಮಾರು ಶೇ 80ರಷ್ಟನ್ನು ಮೊದಲು ಮಾಡಿಕೊಂಡವರು ತಯಾರಕರಲ್ಲ, ಅವನ್ನು ಬಳಸುತ್ತಿದ್ದ ವಿಜ್ಞಾನಿಗಳು. ತಯಾರಕರು ಬಂದದ್ದು ಆಮೇಲೆ, ಆ ಮಾದರಿಯನ್ನು ಗಟ್ಟಿಮಾಡಿ ಮಾರಲು. ಮಾರುಕಟ್ಟೆಗೆ ನಾಳೆ ಬರಲಿರುವ ಅಗತ್ಯವನ್ನು ಇವತ್ತೇ ಅನುಭವಿಸುವ ಇಂಥವರನ್ನು ವಾನ್ ಹಿಪ್ಪೆಲ್ 1986ರಲ್ಲಿ ‘ಮುಂಚೂಣಿ ಬಳಕೆದಾರರು’ ಎಂದು ಕರೆದರು.

ಇದರ ಕಾರಣವನ್ನೂ ಅವರು ವಿವರಿಸಿದರು. ತನಗೇನು ಬೇಕು, ಎಲ್ಲಿ ತೊಡಕಾಗುತ್ತಿದೆ ಎಂಬ ತಿಳಿವಳಿಕೆ ಬಳಸುವವನ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ಪ್ರಶ್ನಾವಳಿಯಲ್ಲಿ ತುಂಬಿಸಿ ಕಂಪನಿಗೆ ಸಾಗಿಸುವುದು ದುಬಾರಿ, ಹಲವು ಸಲ ಅಸಾಧ್ಯ. ಅದರ ಬದಲು ವಿನ್ಯಾಸದ ಸಲಕರಣೆಯನ್ನೇ ಬಳಕೆದಾರನ ಕೈಗಿಡುವುದು ಅಗ್ಗ. ಬ್ರಿಟನ್ನಿನಲ್ಲಿ ಇವರ ತಂಡ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಸುಮಾರು 29 ಲಕ್ಷ ಜನ ಸಾಮಾನ್ಯ ಗ್ರಾಹಕರು ತಮ್ಮ ಬಳಕೆಗೆಂದು ಏನನ್ನಾದರೂ ಹೊಸದಾಗಿ ರೂಪಿಸಿದ್ದರು ಇಲ್ಲವೆ ಇದ್ದುದನ್ನು ತಿದ್ದಿಕೊಂಡಿದ್ದರು. ಇವರಲ್ಲಿ ಪೇಟೆಂಟಿನ ಹಿಂದೆ ಬಿದ್ದವರು ತೀರ ಕಡಿಮೆ.

ಸೋರ್ಸ್ ಕೋಡ್ ಕಲಿಸಿದ ಪಾಠ

ಈ ಸಿದ್ಧಾಂತಕ್ಕೆ ಜಗತ್ತಿನಷ್ಟು ದೊಡ್ಡ ಪ್ರಯೋಗಶಾಲೆ ಸಿಕ್ಕಿದ್ದು ಸಾಫ್ಟ್‌ವೇರ್‌ನಲ್ಲಿ. 1975ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನ ಗ್ಯಾರೇಜೊಂದರಲ್ಲಿ ಸೇರಿದ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನಲ್ಲಿ ಸರ್ಕ್ಯೂಟಿನ ನಕ್ಷೆಗಳೂ ಪ್ರೋಗ್ರಾಮಿನ ಟೇಪುಗಳೂ ಕೈಯಿಂದ ಕೈಗೆ ಹೋಗುತ್ತಿದ್ದವು. ಸ್ಟೀವ್ ವೋಜ್ನಿಯಾಕ್ ಮೊದಲ ಆಪಲ್ ಕಂಪ್ಯೂಟರನ್ನು ತೋರಿಸಿದ್ದು ಇಲ್ಲಿನ ಗೆಳೆಯರಿಗೆ. ತಮ್ಮ ಬೇಸಿಕ್ ಸಾಫ್ಟ್‌ವೇರನ್ನು ಹಣ ಕೊಡದೆ ನಕಲು ಮಾಡಿಕೊಳ್ಳುವುದು ಕಳ್ಳತನ ಎಂದು 1976ರಲ್ಲಿ ಬಿಲ್ ಗೇಟ್ಸ್ ಬಹಿರಂಗ ಪತ್ರ ಬರೆದದ್ದೂ ಇಂಥ ಹವ್ಯಾಸಿಗಳಿಗೇ. ಇಂದಿನ ಜಗಳದ ಎರಡೂ ಪಕ್ಷಗಳು ಆಗಲೇ ಅಖಾಡಕ್ಕಿಳಿದಿದ್ದವು.

1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಜಿಎನ್‌ಯು ಯೋಜನೆ ಘೋಷಿಸಿದರು. 1989ರಲ್ಲಿ ಅದರ ಸಾರ್ವಜನಿಕ ಪರವಾನಗಿ, ಜಿಪಿಎಲ್, ಬಂತು. ನಮ್ಮ ಹಳ್ಳಿಗಳ ಮುಯ್ಯಾಳಿನ ಕ್ರಮಕ್ಕೆ ಕಾನೂನಿನ ಭಾಷೆ ಕೊಟ್ಟರೆ ಹೇಗಿರುತ್ತದೋ ಹಾಗಿದೆ ಈ ಪರವಾನಗಿ. ಕೋಡನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರಲೂಬಹುದು. ತಿದ್ದಿದ್ದನ್ನು ಹಂಚಿದಾಗ ಮಾತ್ರ ಅದೇ ಷರತ್ತಿನ ಮೇಲೆ ಮೂಲವನ್ನೂ ಕೊಡಬೇಕು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತನ್ನ ಹವ್ಯಾಸದ ಆಪರೇಟಿಂಗ್ ಸಿಸ್ಟಮ್ಮನ್ನು ಹೊರಬಿಟ್ಟು ಮರುವರ್ಷ ಅದನ್ನು ಜಿಪಿಎಲ್ ಅಡಿ ತಂದಾಗ, ಮುಖ ನೋಡದ ಸಾವಿರಾರು ಜನ ನಂಬಿಕೆಯಿಂದ ಕೈಜೋಡಿಸಲು ಆ ಷರತ್ತು ಆಧಾರವಾಯಿತು.

ಉದ್ಯಮ ಮೊದಲು ನಕ್ಕಿತು, ಆಮೇಲೆ ಬೆದರಿತು, ಕೊನೆಗೆ ಪಾಲುದಾರನಾಯಿತು. ಸ್ವಯಂಸೇವಕರ ಅಪಾಚೆ ವೆಬ್ ಸರ್ವರ್ 1995ರಲ್ಲಿ ಬಂತು, ಮೂರೇ ವರ್ಷಕ್ಕೆ ಐಬಿಎಂ ಅದರೊಂದಿಗೆ ಸೇರಿತು. 2001ರಲ್ಲಿ ಲಿನಕ್ಸ್‌ಗೆ 100 ಕೋಟಿ ಡಾಲರ್ ವ್ಯಯಿಸುವುದಾಗಿಯೂ ಅದು ಸಾರಿತು. ಅದೇ ವರ್ಷ ಮೈಕ್ರೋಸಾಫ್ಟ್‌ನ ಮುಖ್ಯಸ್ಥ ಸ್ಟೀವ್ ಬಾಮರ್ ಲಿನಕ್ಸನ್ನು ಕ್ಯಾನ್ಸರಿಗೆ ಹೋಲಿಸಿದರು. ಆ ಕಂಪನಿಯೇ 2018ರಲ್ಲಿ ಮುಕ್ತ ಕೋಡಿನ ಅತಿ ದೊಡ್ಡ ನೆಲೆಯಾದ ಗಿಟ್‌ಹಬ್ಬನ್ನು 750 ಕೋಟಿ ಡಾಲರಿಗೆ ಕೊಂಡಿತು. 2019ರಲ್ಲಿ ಐಬಿಎಂ 3,400 ಕೋಟಿ ಡಾಲರ್ ಕೊಟ್ಟು ಲಿನಕ್ಸ್ ಕಂಪನಿ ರೆಡ್ ಹ್ಯಾಟನ್ನು ತನ್ನದಾಗಿಸಿಕೊಂಡಿತು.

ಹಣವಿಲ್ಲದೆ ಇವರೆಲ್ಲ ಯಾಕೆ ದುಡಿಯುತ್ತಾರೆ? ಕರೀಂ ಲಖಾನಿ ಮತ್ತು ರಾಬರ್ಟ್ ವುಲ್ಫ್ 287 ಯೋಜನೆಗಳ 684 ಡೆವಲಪರ್‌ಗಳನ್ನು ಈ ಬಗ್ಗೆ ವಿಚಾರಿಸಿದರು. ಕೆಲಸ ಕೊಡುವ ಬೌದ್ಧಿಕ ಸುಖವೇ ಮುಖ್ಯ ಪ್ರೇರಣೆ ಎಂಬುದು ಸಿಕ್ಕ ಉತ್ತರ. ಜೊತೆಗೆ ಇನ್ನೊಂದು ಸಂಗತಿಯೂ ಹೊರಬಿತ್ತು: ಸುಮಾರು ಶೇ 40ರಷ್ಟು ಜನರಿಗೆ ಆ ಕೆಲಸಕ್ಕೆ ಸಂಬಳ ಸಿಗುತ್ತಿತ್ತು. ಹವ್ಯಾಸಿ ಮತ್ತು ನೌಕರ ಎಂಬ ಗೆರೆ ಆಗಲೇ ಮಸುಕಾಗಿತ್ತು.

ಕಂಪನಿಗಳು ಬಾಗಿಲು ತೆರೆದಾಗ

ಹೊಸ ಶತಮಾನದ ಹೊಸ್ತಿಲಲ್ಲಿ ಈ ಗಾಳಿ ಸಾಫ್ಟ್‌ವೇರ್‌ನ ಆಚೆಗೂ ಬೀಸಿತು. ಕೆನಡಾದ ಗೋಲ್ಡ್‌ಕಾರ್ಪ್ ಕಂಪನಿಯ ರಾಬ್ ಮ್ಯಾಕ್‌ಈವನ್ 2000ದಲ್ಲಿ ರೆಡ್ ಲೇಕ್ ಗಣಿಯ ಭೂವಿಜ್ಞಾನದ ಮಾಹಿತಿಯನ್ನೆಲ್ಲ ಅಂತರ್ಜಾಲದಲ್ಲಿ ಇಟ್ಟು, ಚಿನ್ನ ಎಲ್ಲಿದೆ ಹೇಳಿದವರಿಗೆ 5,75,000 ಡಾಲರ್ ಬಹುಮಾನ ಎಂದರು. ಗಣಿ ಉದ್ಯಮದಲ್ಲಿ ಅಂಥ ಮಾಹಿತಿ ತಿಜೋರಿಯ ಗುಟ್ಟು. ಸ್ಪರ್ಧಿಗಳು ತೋರಿಸಿದ ಜಾಗಗಳಲ್ಲಿ ಸುಮಾರು ಅರ್ಧವನ್ನು ಕಂಪನಿಯ ತಜ್ಞರು ಗಮನಿಸಿಯೇ ಇರಲಿಲ್ಲ.

ಔಷಧ ಕಂಪನಿ ಎಲೈ ಲಿಲ್ಲಿಯ ಒಳಗಿನಿಂದ 2001ರಲ್ಲಿ ಹುಟ್ಟಿದ ಇನ್ನೊಸೆಂಟಿವ್ ಇದನ್ನೇ ಕಾಯಂ ವ್ಯವಸ್ಥೆಯಾಗಿಸಿತು. ಪ್ರಯೋಗಾಲಯಗಳು ಬಿಡಿಸಲಾಗದ ಸಮಸ್ಯೆಯನ್ನು ಹೆಸರು ಮರೆಮಾಡಿ ಹಾಕುವುದು, ಬಿಡಿಸಿದವರಿಗೆ ಬಹುಮಾನ ಕೊಡುವುದು. ಇಲ್ಲಿಗೆ ಬಂದ 166 ಸಮಸ್ಯೆಗಳನ್ನು ಪರಿಶೀಲಿಸಿದ ಲಖಾನಿ ಮತ್ತು ಲಾರ್ಸ್ ಬೊ ಯೆಪ್ಪೆಸೆನ್, ಸುಮಾರು ಮೂರರಲ್ಲಿ ಒಂದಕ್ಕೆ ಪರಿಹಾರ ಸಿಕ್ಕಿದ್ದನ್ನು ಕಂಡರು. ಸಮಸ್ಯೆಯ ಕ್ಷೇತ್ರದಿಂದ ದೂರವಿದ್ದವರು ಗೆಲ್ಲುವ ಸಂಭವವೇ ಹೆಚ್ಚಿತ್ತು. ಅಲಾಸ್ಕಾದ ಚಳಿಯಲ್ಲಿ ಗಟ್ಟಿಯಾದ ಸೋರಿಕೆ ತೈಲವನ್ನು ಪಂಪ್ ಮಾಡುವ ಬಗೆಯನ್ನು 2007ರಲ್ಲಿ ಸೂಚಿಸಿದವರು ತೈಲ ಉದ್ಯಮದ ಹೊರಗಿನ ಒಬ್ಬ ರಸಾಯನಶಾಸ್ತ್ರಜ್ಞ. ಕಾಂಕ್ರೀಟು ಗಟ್ಟಿಯಾಗದಂತೆ ಕಂಪಿಸುವ ಕಟ್ಟಡ ಕೆಲಸದ ಸಾಧನ ಅವರ ನೆನಪಿಗೆ ಬಂದಿತ್ತು.

ಹೆನ್ರಿ ಚೆಸ್‌ಬ್ರೊ 2003ರಲ್ಲಿ ಈ ಬೆಳವಣಿಗೆಗಳಿಗೆಲ್ಲ ಒಂದು ಚೌಕಟ್ಟು ಕೊಟ್ಟು ‘ಮುಕ್ತ ನಾವೀನ್ಯ’ ಎಂದರು. ಜಾಣರೆಲ್ಲ ನಮ್ಮ ಸಂಬಳದಲ್ಲೇ ಇರುವುದಿಲ್ಲ, ಆದ್ದರಿಂದ ಯೋಚನೆಗಳು ಒಳಕ್ಕೂ ಹೊರಕ್ಕೂ ಹರಿಯಲಿ ಎಂಬುದು ಅದರ ತಿರುಳು. ಆದರೆ ಇದು ಸ್ಟಾಲ್‌ಮನ್ನರ ಮುಕ್ತತೆಯಲ್ಲ. ಇಲ್ಲಿ ಯೋಚನೆಗಳು ಒಪ್ಪಂದ, ಪೇಟೆಂಟ್ ಮತ್ತು ರಾಯಧನದ ಮೂಲಕ ಕೈ ಬದಲಾಯಿಸುತ್ತವೆ. ಎರಡಕ್ಕೂ ಮುಕ್ತ ಎಂದೇ ಹೆಸರಾದದ್ದರಿಂದ ಮುಂದೆ ಗೊಂದಲ ಬೆಳೆಯಿತು.

ಜನಸ್ತೋಮದ ಮಿತಿಗಳು

2006ರಲ್ಲಿ ಪತ್ರಕರ್ತ ಜೆಫ್ ಹೌ ಕ್ರೌಡ್‌ಸೋರ್ಸಿಂಗ್ ಎಂಬ ಹೆಸರು ಚಲಾವಣೆಗೆ ತಂದ ಮೇಲೆ ಪ್ರತಿ ಕಂಪನಿಗೂ ತನ್ನದೊಂದು ಐಡಿಯಾ ಪೆಟ್ಟಿಗೆ ಬೇಕೆನಿಸಿತು. ಡೆಲ್ 2007ರಲ್ಲಿ ಐಡಿಯಾಸ್ಟಾರ್ಮ್ ತೆರೆದಾಗ, ಲಿನಕ್ಸ್ ಹಾಕಿದ ಕಂಪ್ಯೂಟರ್ ಕೊಡಿ ಎಂಬ ಬೇಡಿಕೆ ಮುಂದೆ ಬಂತು. ಕೆಲವೇ ತಿಂಗಳಲ್ಲಿ ಕಂಪನಿ ಉಬುಂಟು ಲಿನಕ್ಸ್ ಹಾಕಿದ ಮಾದರಿಗಳನ್ನು ಮಾರತೊಡಗಿತು. ಆದರೆ ಆ ತಾಣವನ್ನು ಅಭ್ಯಸಿಸಿದ ಬ್ಯಾರಿ ಬೇಯಸ್ ಕಂಡದ್ದು ಬೇರೆ: ಒಂದು ಸಲಹೆ ಅಂಗೀಕಾರವಾದವರು ಮುಂದೆ ಅದರ ಪಡಿಯಚ್ಚನ್ನೇ ಮತ್ತೆ ಕಳಿಸುತ್ತಿದ್ದರು. ಗೆಲುವು ಕಲ್ಪನೆಯನ್ನು ಕಿರಿದಾಗಿಸುತ್ತಿತ್ತು.

ನೆಟ್‌ಫ್ಲಿಕ್ಸ್ 2006ರಲ್ಲಿ ಸಾರಿದ ಹತ್ತು ಲಕ್ಷ ಡಾಲರ್ ಬಹುಮಾನವನ್ನು 2009ರಲ್ಲಿ ಒಂದು ತಂಡ ಗೆದ್ದಿತು. ಚಿತ್ರಗಳನ್ನು ಶಿಫಾರಸು ಮಾಡುವ ಲೆಕ್ಕಾಚಾರ ಶೇ 10ರಷ್ಟು ನಿಖರವಾಯಿತು. ಗೆದ್ದ ಪೂರ್ತಿ ಸೂತ್ರವನ್ನು ಕಂಪನಿ ಬಳಕೆಗೆ ತರಲಿಲ್ಲ. ಅಳವಡಿಸುವ ಶ್ರಮಕ್ಕೆ ಸಿಗುವ ಲಾಭ ಸಾಲದು ಎಂಬುದು ಅದರ ವಿವರಣೆ. ಜನರ ಐಡಿಯಾಗಳನ್ನು ತಾನೇ ತಯಾರಿಸಿ ಮಾರಲು 2009ರಲ್ಲಿ ಹೊರಟ ಅಮೆರಿಕದ ಕ್ವರ್ಕಿ 2015ರಲ್ಲಿ ದಿವಾಳಿ ಅರ್ಜಿ ಹಾಕಿತು. ಯೋಚನೆ ಅಗ್ಗ; ಅಚ್ಚು, ದಾಸ್ತಾನು, ದುರಸ್ತಿ ಅಗ್ಗವಲ್ಲ.

ಗೆದ್ದವರ ಕಥೆಯಲ್ಲಿ ಬೇರೆಯದೇ ಗುಣವಿದೆ. ಲೆಗೊ 1998ರಲ್ಲಿ ಮೈಂಡ್‌ಸ್ಟಾರ್ಮ್ಸ್ ರೋಬಾಟ್ ಕಿಟ್ ಬಿಟ್ಟಾಗ ಕೆಲವೇ ವಾರಗಳಲ್ಲಿ ಹವ್ಯಾಸಿಗಳು ಅದರ ಒಳಗುಟ್ಟನ್ನು ಭೇದಿಸಿದರು. ಕಂಪನಿ ನೋಟಿಸ್ ಕಳಿಸುವ ಬದಲು ಪರವಾನಗಿಯಲ್ಲೇ ಅದಕ್ಕೆ ಅನುಮತಿ ಬರೆಯಿತು. 2006ರ ಹೊಸ ಆವೃತ್ತಿಯನ್ನು ರೂಪಿಸಲು ಅಂಥ ಹವ್ಯಾಸಿಗಳನ್ನೇ ಕರೆಸಿಕೊಂಡಿತು. ಇಂದು ಲೆಗೊ ಐಡಿಯಾಸ್‌ನಲ್ಲಿ 10,000 ಬೆಂಬಲಿಗರನ್ನು ಗಳಿಸಿದ ವಿನ್ಯಾಸ ಪರಿಶೀಲನೆಗೆ ಹೋಗುತ್ತದೆ. ಆಯ್ಕೆಯಾದರೆ ಮಾರಾಟದ ಶೇ 1 ವಿನ್ಯಾಸಕರಿಗೆ. ಜಪಾನಿನ ಮುಜಿಯಲ್ಲಿ ಬಳಕೆದಾರರ ವಿನ್ಯಾಸದ ಪೀಠೋಪಕರಣಗಳು ಮೊದಲ ವರ್ಷ ಕಂಪನಿಯ ವಿನ್ಯಾಸಕರವುಗಳಿಗಿಂತ ಮೂರು ಪಟ್ಟು ವಹಿವಾಟು ತಂದವೆಂದು 2013ರ ಅಧ್ಯಯನವೊಂದು ತೋರಿಸಿತು. ಎರಡೂ ಕಡೆ ಆಯ್ಕೆಯ ಕ್ರಮ ಸ್ಪಷ್ಟ, ತಯಾರಿಕೆಯ ಹೊಣೆ ಕಂಪನಿಯದು.

ಇಲ್ಲಿನ ಪ್ರಯೋಗಗಳು

ಭಾರತದಲ್ಲಿ ಸಿಎಸ್‌ಐಆರ್ 2008ರಲ್ಲಿ ಸಮೀರ್ ಬ್ರಹ್ಮಚಾರಿಯವರ ಮುಂದಾಳತ್ವದಲ್ಲಿ ಮುಕ್ತ ಔಷಧ ಸಂಶೋಧನೆಯ ಯೋಜನೆ ಶುರುಮಾಡಿತು. ಗುರಿ ಕ್ಷಯರೋಗ. ಲಾಭದ ಆಸೆ ಕಡಿಮೆಯಾದ್ದರಿಂದ ದೊಡ್ಡ ಕಂಪನಿಗಳು ಹಿಂಜರಿಯುತ್ತಿದ್ದ ಕಾಯಿಲೆ ಅದು. ಅದರ ಬ್ಯಾಕ್ಟೀರಿಯಾದ ಸುಮಾರು 4,000 ಜೀನ್‌ಗಳ ಮಾಹಿತಿಯನ್ನು ನೂರಾರು ವಿದ್ಯಾರ್ಥಿಗಳು ಆನ್‌ಲೈನಿನಲ್ಲಿ ಹಂಚಿಕೊಂಡು ಪರಿಷ್ಕರಿಸಿದರು.

ಬೆಂಗಳೂರಿನ ಇತ್ತೀಚಿನ ಉದಾಹರಣೆ 2022ರ ನವೆಂಬರಿನಲ್ಲಿ ಬಂದ ನಮ್ಮ ಯಾತ್ರಿ. ಆಟೊ ಚಾಲಕರ ಸಂಘ ಮತ್ತು ಜಸ್‌ಪೇ ಕಂಪನಿ ಸೇರಿ ತಂದ ಈ ಆ್ಯಪ್ ಬೆಕ್ನ್ ಎಂಬ ಮುಕ್ತ ಪ್ರೊಟೊಕಾಲ್ ಮೇಲೆ ನಿಂತಿದೆ, ಅದರ ಕೋಡ್ ಸಾರ್ವಜನಿಕವಾಗಿದೆ. ಪ್ರತಿ ಬಾಡಿಗೆಯಲ್ಲೂ ಕಮಿಷನ್ ಮುರಿದುಕೊಳ್ಳದೆ ಚಾಲಕರಿಂದ ದಿನದ ಚಿಕ್ಕ ಶುಲ್ಕ ಪಡೆಯುವ ಪದ್ಧತಿಯನ್ನು ಅದು ತಂದಿತು. ಹೊಸತನ ಇದ್ದದ್ದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಪಾಲಿನ ಲೆಕ್ಕದಲ್ಲಿ. ಬೆಂಗಳೂರಿನದೇ ಷೇರು ದಲ್ಲಾಳಿ ಕಂಪನಿ ಜೆರೋಧಾ, ತಾನು ಮುಕ್ತ ಸಾಫ್ಟ್‌ವೇರಿನಿಂದ ಬೆಳೆದದ್ದನ್ನು ಒಪ್ಪಿಕೊಂಡು, ಜಗತ್ತಿನ ಇಂಥ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನೆರವು ಕೊಡುವ ನಿಧಿಯನ್ನು 2024ರಲ್ಲಿ ಸ್ಥಾಪಿಸಿತು.

ಹೊರೆ ಹೊತ್ತವರು, ಫಸಲು ಕೊಯ್ದವರು

ಇಂಥ ನಿಧಿಯ ಅಗತ್ಯವನ್ನು ಮತ್ತೊಂದು ಲೆಕ್ಕ ಹೇಳುತ್ತದೆ. ಜಗತ್ತಿನ ಕಂಪನಿಗಳು ಬಳಸುವ ಮುಕ್ತ ಸಾಫ್ಟ್‌ವೇರನ್ನು ತಾವೇ ಬರೆದುಕೊಳ್ಳಬೇಕಾಗಿದ್ದರೆ ತಗಲುತ್ತಿದ್ದ ವೆಚ್ಚ ಸುಮಾರು 8.8 ಲಕ್ಷ ಕೋಟಿ ಡಾಲರ್ ಎಂದು ಮ್ಯಾನುಯೆಲ್ ಹಾಫ್‌ಮನ್, ಫ್ರಾಂಕ್ ನೇಗಲ್ ಮತ್ತು ಯಾನುವೊ ಝೌ 2024ರಲ್ಲಿ ಅಂದಾಜಿಸಿದರು. ಆ ಮೌಲ್ಯದ ಶೇ 96ರಷ್ಟನ್ನು ಸೃಷ್ಟಿಸಿದವರು ಶೇ 5ರಷ್ಟು ಡೆವಲಪರ್‌ಗಳು. ಅಂದರೆ ಸಮುದಾಯ ಎಂದು ನಾವು ಕರೆಯುವುದು ಬಹಳ ಸಲ ಬೆರಳೆಣಿಕೆಯ ಜನರ ಬೆನ್ನು. 2024ರ ಮಾರ್ಚಿನಲ್ಲಿ ಲಿನಕ್ಸ್ ಲೋಕದ ಎಕ್ಸ್‌ಝಡ್ ಎಂಬ ಚಿಕ್ಕ ಸಾಧನದೊಳಗೆ ಯಾರೋ ಕಳ್ಳ ಬಾಗಿಲು ಇಟ್ಟದ್ದು ಪತ್ತೆಯಾಯಿತು. ದಣಿದಿದ್ದ ಒಬ್ಬ ನಿರ್ವಾಹಕರ ವಿಶ್ವಾಸವನ್ನು ನೆರವಿನ ಸೋಗಿನಲ್ಲಿ ಗಳಿಸಿ ಆ ಕೆಲಸ ಮಾಡಲಾಗಿತ್ತು.

ಇತ್ತ ಮುಕ್ತ ಕೋಡಿನ ಮೇಲೆ ಬೆಳೆದ ಕಂಪನಿಗಳು, ದೊಡ್ಡ ಕ್ಲೌಡ್ ಕಂಪನಿಗಳು ತಮ್ಮ ಫಸಲು ಕೊಯ್ಯುತ್ತಿವೆ ಎಂದು ದೂರಿ, ಪರವಾನಗಿಯನ್ನು ಬಿಗಿಗೊಳಿಸಿದವು: 2018ರಲ್ಲಿ ಮಾಂಗೋಡಿಬಿ, 2021ರಲ್ಲಿ ಇಲಾಸ್ಟಿಕ್, 2023ರಲ್ಲಿ ಹ್ಯಾಶಿಕಾರ್ಪ್, 2024ರಲ್ಲಿ ರೆಡಿಸ್. ಸಮುದಾಯ ಸುಮ್ಮನಿರಲಿಲ್ಲ. ಹ್ಯಾಶಿಕಾರ್ಪ್‌ನ ಟೆರಾಫಾರ್ಮ್‌ನಿಂದ ಓಪನ್‌ಟೋಫು, ರೆಡಿಸ್‌ನಿಂದ ವಾಲ್‌ಕೀ ಕವಲೊಡೆದವು. ಇಲಾಸ್ಟಿಕ್ 2024ರಲ್ಲಿ, ರೆಡಿಸ್ 2025ರಲ್ಲಿ ಮುಕ್ತ ಪರವಾನಗಿಯ ಆಯ್ಕೆಯನ್ನು ಮರಳಿ ತಂದವು. ಹೊರನಡೆಯುವ ಹಕ್ಕು ಮೊದಲೇ ಬರಹದಲ್ಲಿದ್ದ ಕಾರಣ ಇದು ಸಾಧ್ಯವಾಯಿತು.

ಕೃತಕ ಬುದ್ಧಿಮತ್ತೆ ಈ ತಕರಾರನ್ನು ಕೋಡಿನ ಆಚೆಗೂ ಒಯ್ದಿದೆ. ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಲ್ಲಿ 2008ರಿಂದ ಲಕ್ಷಾಂತರ ಜನ ಬಿಟ್ಟಿಯಾಗಿ ಬರೆದ ಉತ್ತರಗಳ ಬಳಕೆಗೆ 2024ರ ಮೇನಲ್ಲಿ ಓಪನ್‌ಎಐ ಜೊತೆ ಒಪ್ಪಂದವಾದಾಗ ಕೆಲವರು ತಮ್ಮ ಉತ್ತರಗಳನ್ನು ಅಳಿಸಲು ಹೊರಟರು. ಅಂಥವರ ಖಾತೆಗಳನ್ನು ಕಂಪನಿ ತಡೆಹಿಡಿಯಿತು. ರೆಡಿಸ್‌ನ ಬಳಕೆದಾರರಿಗೆ ಇದ್ದ ಕವಲೊಡೆಯುವ ದಾರಿ ಇವರಿಗೆ ಕೈಗೆಟುಕುವಷ್ಟು ಹತ್ತಿರದಲ್ಲಿರಲಿಲ್ಲ. ಬರಹದ ಪರವಾನಗಿ ಮುಕ್ತವೇ ಆಗಿದ್ದರೂ ತಾಣ, ಬಳಗ, ಗಳಿಸಿದ ಮನ್ನಣೆ ಎಲ್ಲವೂ ಕಂಪನಿಯ ಅಂಗಳದಲ್ಲಿದ್ದವು.

ಈ ಐದು ದಶಕಗಳ ದಾಖಲೆಯಿಂದ ಒಂದು ಮಾತನ್ನಂತೂ ಧೈರ್ಯವಾಗಿ ಹೇಳಬಹುದು. ಸಮುದಾಯದಿಂದ ಪುಕ್ಕಟೆ ಯೋಚನೆ ಸಿಗುತ್ತದೆ ಎಂದು ಬಂದ ಉದ್ಯಮಗಳು ಐಡಿಯಾಗಳ ರಾಶಿ ಹೊತ್ತು ಸೋತವು. ಕೊಡುಕೊಳ್ಳುವಿಕೆಯ ಕರಾರನ್ನು, ಹೊರನಡೆಯುವ ಹಕ್ಕನ್ನೂ ಸೇರಿಸಿ, ಮುಂಗಡವಾಗಿ ಬರೆದಿಟ್ಟ ಕಡೆ ಹೊಸತನ ಬಾಳಿತು, ಜಗಳವಾದಾಗಲೂ ಉಳಿಯಿತು. ಮುಂದಿನ ಸುತ್ತಿನಲ್ಲಿ ಹೂಡಿಕೆದಾರರೂ ಸರ್ಕಾರಗಳೂ ಒಂದು ಸಮುದಾಯದ ಸದಸ್ಯರ ಸಂಖ್ಯೆ ಎಣಿಸುವ ಮುನ್ನ ಅದರ ಕರಾರುಪತ್ರ ಓದುವುದು ಲೇಸು. ಸಮುದಾಯಕ್ಕೆ ಉತ್ತರ ಬರೆಯುವವರು, ಕೋಡ್ ಕಳಿಸುವವರು, ವಿನ್ಯಾಸ ಕೊಡುವವರು ಕೂಡ ಅದನ್ನು ಓದಿಯೇ ಕೈಹಾಕಬೇಕು.