ಗಾಡಿ ಹೊರಗೆ, ಎತ್ತು ಒಳಗೆ

(1/8)
ಕಳೆದ ಸರಣಿಯಲ್ಲಿ ಸಂತೆ ಬಗ್ಗೆ ಬರೆದಿದ್ದೆ. ಈ ಸಲ ಗಾಡಿ ನಿಲ್ಲಿಸೋ ಜಾಗದ ಇತಿಹಾಸ. "ಅದಕ್ಕೂ ಇತಿಹಾಸ ಇದೆಯಾ?" ಅಂತ ನಗಬೇಡಿ, ಸ್ವಲ್ಪ ಓದಿ ನೋಡಿ.

ದೊಡ್ಡಬಳ್ಳಾಪುರ ಬಸ್ ಸ್ಟ್ಯಾಂಡ್ ಹತ್ರ ಇಳಿದು ಯಾರನ್ನಾದ್ರೂ "ಇಲ್ಲಿ ಗ್ಯಾರೇಜ್ ಎಲ್ಲಿದೆ?" ಅಂತ ಕೇಳಿ. ಸೀದಾ ಮೆಕ್ಯಾನಿಕ್ ಅಂಗಡಿ ಕಡೆ ಕೈ ತೋರಿಸ್ತಾರೆ. ಪದ ಹುಟ್ಟಿದ್ದು ಫ್ರೆಂಚ್ ಭಾಷೆಯಲ್ಲಿ. ಅಲ್ಲಿ ಮೂಲದಲ್ಲಿ ಅದರ ಅರ್ಥ ವಾಹನವನ್ನು ಸುರಕ್ಷಿತ ಜಾಗಕ್ಕೆ ಸೇರಿಸೋದು. ನಮ್ಮ ಕನ್ನಡಕ್ಕೆ ಬರುವಷ್ಟರಲ್ಲಿ ಅದು ಕಾರು ಮಲಗೋ ಮನೆ ಆಗಿ ಉಳಿಯಲಿಲ್ಲ, ಕಾರಿನ ಆಸ್ಪತ್ರೆ ಆಯ್ತು. ಕಾರು ಮಲಗೋ ಮನೆಗೆ ನಮ್ಮಲ್ಲಿ ಗಟ್ಟಿಯಾದ ಪದವೇ ಇಲ್ಲ. ಶೆಡ್ಡು ಅಂತೀವಿ, ಪೋರ್ಟಿಕೋ ಅಂತೀವಿ, ಬಹಳ ಮನೆಗಳಲ್ಲಿ "ಮುಂದೆ ನಿಲ್ಸಿದೀವಿ" ಅಂತೀವಿ. ಪದ ಇಲ್ಲದ್ದಕ್ಕೆ ಕಾರಣ ಸುಲಭ. ಜಾಗವೇ ಇರಲಿಲ್ಲ.

(2/8)
ಹಳೇ ಮನೆಗಳಲ್ಲಿ ವಾಹನ ಎಲ್ಲಿರ್ತಿತ್ತು? ಎತ್ತಿನ ಗಾಡಿ ಹೊರಗೆ. ಹುಣಸೆ ಮರದ ಕೆಳಗೆ, ಹೊಂಗೆ ಮರದ ಕೆಳಗೆ, ಇಲ್ಲ ಅಂದ್ರೆ ಗೋಡೆ ಪಕ್ಕ. ಎತ್ತು ಮಾತ್ರ ಒಳಗೆ. ನಮ್ಮ ಕಡೆ ಎಷ್ಟೋ ಹಳ್ಳಿ ಮನೆಗಳಲ್ಲಿ ಕೊಟ್ಟಿಗೆ ಬೇರೆ ಕಟ್ಟಡವೇ ಅಲ್ಲ. ತಲೆಬಾಗಿಲು ದಾಟಿದ್ರೆ ಒಂದು ಕಡೆ ದನ, ಇನ್ನೊಂದು ಕಡೆ ಜನ. ಹಳ್ಳಿಕಾರ್ ಎತ್ತು ಅಂದ್ರೆ ಸುಮ್ನೆ ಅಲ್ಲ, ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಒಂದು ಜೋಡಿ ತರಬೇಕಾದ್ರೆ ವರ್ಷದ ಉಳಿತಾಯ ಕೈಬಿಡ್ತಿತ್ತು.

ಇದನ್ನ ಕಾರಿನ ಭಾಷೆಯಲ್ಲಿ ಹೇಳಿ ನೋಡಿ: ಇಂಜಿನ್ ಮನೆಯೊಳಗೆ, ಬಾಡಿ ಮನೆ ಹೊರಗೆ.

ಹೊರಗೆ ಅಂದ ತಕ್ಷಣ ಬಿಟ್ಟು ಹಾಕ್ತಿದ್ರು ಅಂತ ಅಲ್ಲ. ನೊಗ, ಹಗ್ಗ, ಕೀಲು ಇವೆಲ್ಲ ರಾತ್ರಿ ಒಳಗೆ ಬರ್ತಿದ್ವು. ಅಚ್ಚಿಗೆ ಹರಳೆಣ್ಣೆ. ಬೇಸಿಗೆಯಲ್ಲಿ ಚಕ್ರದ ಮರ ಒಣಗಿ ಕುಗ್ಗಿದ್ರೆ ಸುತ್ತಲಿನ ಕಬ್ಬಿಣದ ಪಟ್ಟಿ ಸಡಿಲ ಆಗುತ್ತೆ, ಆಗ ಚಕ್ರ ಬಿಚ್ಚಿ ಕೆರೆ ನೀರಲ್ಲಿ ನೆನೆ ಹಾಕೋರು. ಬಿಸಿಲು ಏನು ಮಾಡುತ್ತೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗಾಡಿ ಬಿಸಿಲಲ್ಲಿ ಇರೋದೇ ಅಂತ ಒಪ್ಪಿಕೊಂಡು, ಹಾಳಾಗೋ ಭಾಗಕ್ಕೆ ಮಾತ್ರ ಉಪಚಾರ ಮಾಡ್ತಿದ್ರು.

(3/8)
ಇನ್ನೊಂದು ವಾಹನ ತೇರು. ವರ್ಷಕ್ಕೆ ಒಂದೆರಡು ದಿನ ಓಡುತ್ತೆ, ಉಳಿದ ದಿನವೆಲ್ಲ ನಿಂತೇ ಇರುತ್ತೆ. (ನಮ್ಮೂರ ಸ್ಪೋರ್ಟ್ಸ್ ಕಾರುಗಳ ಲೆಕ್ಕವೂ ಹೆಚ್ಚು ಕಮ್ಮಿ ಇಷ್ಟೇ.) ನಿಮ್ಮೂರ ತೇರು ನೋಡಿದ್ರೆ ಗೊತ್ತಾಗುತ್ತೆ: ಮರದ ಕೆತ್ತನೆ ಸುತ್ತ ತಗಡಿನ ಶೀಟು, ಮೇಲೊಂದು ಮಾಡು, ಚಕ್ರಕ್ಕೆ ಕಲ್ಲು. ದುಡ್ಡಿರೋ ದೇವಸ್ಥಾನ ಆದ್ರೆ ಎತ್ತರದ ಬಾಗಿಲಿನ ರಥದ ಮನೆ. ಸೂರಿಲ್ಲದೆ ಶತಮಾನಗಳ ಕಾಲ ನಿಂತ ರಥ ಬೇಕು ಅಂದ್ರೆ ಹಂಪಿಗೇ ಹೋಗಬೇಕು, 50 ರೂಪಾಯಿ ನೋಟಿನ ಹಿಂದೆ ಇರೋದು ಅದೇ. ಅದು ಕಲ್ಲಿನದು, ಅದಕ್ಕೇ ನಿಂತಿದೆ.

(4/8)
ಈಗ ಬೇರೆ ಊರಿನ ಕಥೆ ಒಂದೆರಡು ಸಾಲು. ಯುರೋಪಲ್ಲಿ ಮೊದಲ ಕಾರುಗಳನ್ನ ನಿಲ್ಲಿಸಿದ್ದು ಕುದುರೆ ಲಾಯದಲ್ಲಿ, ಸಾರೋಟು ಇಡ್ತಿದ್ದ ಕೊಠಡಿಯಲ್ಲಿ. ಅಲ್ಲಿ ಕಾರಿಗೆ ಮುಂಚೆಯೇ ಮನೆ ತಯಾರಿತ್ತು. ಬೆಂಗಳೂರು ದಂಡಿನ ದೊಡ್ಡ ಬಂಗಲೆಗಳಿಗೂ ಅದೇ ಅನುಕೂಲ. ಜಪಾನ್ 1962ರಲ್ಲೇ ಕಾನೂನು ಮಾಡ್ತು: ಕಾರು ನಿಲ್ಲಿಸೋಕೆ ಜಾಗ ಇದೆ ಅಂತ ಸಾಬೀತು ಮಾಡದೆ ಕಾರು ತಗೊಳ್ಳೋ ಹಾಗಿಲ್ಲ.

ನಮ್ಮಲ್ಲಿ ಉಲ್ಟಾ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು, ಆಮೇಲೆ ನಿಧಾನಕ್ಕೆ ಮಧ್ಯಮ ವರ್ಗದ ಬೀದಿಗಳಿಗೂ ಕಾರು ಬಂತು. ಬೀದಿಗಳು ಮಾತ್ರ ಹಳೇವೇ. ಒಂದು 30×40 ಸೈಟು ಅಂದ್ರೆ 1200 ಚದರ ಅಡಿ. ಒಂದು ಕಾರಿಗೆ ಬಾಗಿಲು ತೆಗೆಯೋ ಜಾಗ ಸೇರಿ ಸುಮಾರು 135 ಚದರ ಅಡಿ ಬೇಕು. ಸೈಟಿನ ಒಂಬತ್ತನೇ ಒಂದು ಭಾಗ ಕಾರಿಗೇ ಹೋಯ್ತು! ಅಷ್ಟರಲ್ಲಿ ಒಂದು ರೂಮು ಕಟ್ಟಿ ಬಾಡಿಗೆಗೆ ಕೊಡಬಹುದು. ಜನ ರೂಮೇ ಕಟ್ಟಿದ್ರು. ಬಿಕಾಂ ಓದೋಳಾಗಿ ನಾನು ಅವರನ್ನ ಬೈಯೋಕಾಗಲ್ಲ.

(5/8)
ಆದ್ರೆ ಬೆಂಗಳೂರಲ್ಲಿ ಬಯಲಲ್ಲಿ ನಿಲ್ಲೋಕೆ ಹೇಳಿ ಮಾಡಿಸಿದ ಹಾಗಿರೋ ಕಾರುಗಳೂ ತಯಾರಾಗಿದ್ವು, ಗೊತ್ತಾ? ಫೈಬರ್ ಗ್ಲಾಸ್ ಕಾರುಗಳು.

ಅಮೆರಿಕದ ಶೆವ್ರೊಲೆ ಕಾರ್ವೆಟ್ 1953ರಲ್ಲಿ ಫೈಬರ್ ಬಾಡಿಯ ಸ್ಪೋರ್ಟ್ಸ್ ಕಾರಾಗಿ ಬಂದು ಹೆಸರು ಮಾಡ್ತು. ನಮ್ಮಲ್ಲಿ 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಕಂಪನಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಆಧಾರದ ಮೇಲೆ ಡಾಲ್ಫಿನ್ ಮಾಡ್ತು. ಪುಟ್ಟ ಕಾರು, ಫೈಬರ್ ಬಾಡಿ, ತೂಕ ಕಡಿಮೆ. ಹಗುರ ಇದ್ದಿದ್ರಿಂದ ರ್‍ಯಾಲಿ ಓಡಿಸೋರಿಗೆ ಅದು ಅಚ್ಚುಮೆಚ್ಚು, ಮದ್ರಾಸ್ ಹತ್ರದ ಶೋಲಾವರಂ ಓಟಗಳಲ್ಲೂ ಓಡಿದೆ. ಆಮೇಲೆ 1990ರ ದಶಕದ ಕೊನೆ ಹೊತ್ತಿಗೆ ಬೆಂಗಳೂರಿನದೇ ಸ್ಯಾನ್ ಮೋಟಾರ್ಸ್ 'ಸ್ಟಾರ್ಮ್' ತಂತು. ಎರಡೇ ಸೀಟು, ಫೈಬರ್ ಬಾಡಿ, ರೆನೋ ಕಂಪನಿಯ 1.2 ಲೀಟರ್ ಇಂಜಿನ್, ಮಡಚೋ ಬಟ್ಟೆ ಚಾವಣಿ. ಹೆಚ್ಚು ಮಾರಾಟ ಆಗಲಿಲ್ಲ, ಈಗ ರಸ್ತೆಯಲ್ಲಿ ಒಂದು ಕಂಡ್ರೆ ಅದೃಷ್ಟ. ನನ್ನ ಪ್ರಕಾರ ನಮ್ಮೂರ ಕಡೆಯಿಂದ ಬಂದ ಅತಿ ಧೈರ್ಯದ ಕಾರು ಅದೇ.

ಫೈಬರ್‌ಗೆ ತುಕ್ಕು ಹಿಡಿಯಲ್ಲ, ನಿಜ. ಹಾಗಂತ ಬಿಸಿಲಿಗೆ ಅದು ಹೆದರಲ್ಲ ಅಂತಲ್ಲ. ವರ್ಷಾನುಗಟ್ಟಲೆ ಬಿಸಿಲು ತಿಂದ್ರೆ ಮೇಲ್ಪದರ ಸುಣ್ಣ ಹಚ್ಚಿದ ಹಾಗೆ ಬಿಳಿಚಿಕೊಳ್ಳುತ್ತೆ, ಕೂದಲೆಳೆಯಂಥ ಬಿರುಕು ಬಿಡುತ್ತೆ. ಬಾಡಿ ಕೆಳಗಿನ ಉಕ್ಕಿಗೆ ತುಕ್ಕು ಹಿಡಿಯೋದು ತಪ್ಪಲ್ಲ. ಬಟ್ಟೆ ಚಾವಣಿಗಂತೂ ಬಯಲು ಶತ್ರುವೇ.

(6/8)
ಸರಿ, ದೇವನಹಳ್ಳಿ ಕಡೆ ಬಯಲಲ್ಲಿ ನಿಂತ ಕಾರಿಗೆ ಏನೇನಾಗುತ್ತೆ?

ಮೊದಲು ಒಳ್ಳೇ ಸುದ್ದಿ. ಮಂಗಳೂರಿನ ಉಪ್ಪು ಗಾಳಿ ಇಲ್ಲಿಲ್ಲ, ಅದಕ್ಕೇ ತುಕ್ಕು ನಿಧಾನ. ಕೆಟ್ಟ ಸುದ್ದಿ ಕೆಂಪು ಮಣ್ಣು. ಲೇಔಟ್ ಕೆಲಸ, ಜಲ್ಲಿ ಕ್ರಷರ್, ಟಿಪ್ಪರ್ ಓಡಾಟ, ಎಲ್ಲದರ ಧೂಳು ಬಾನೆಟ್ ಮೇಲೆ. ಬೆಳಿಗ್ಗೆ ಒಣ ಬಟ್ಟೆ ತಗೊಂಡು ಒರೆಸ್ತೀರಲ್ಲ, ಅದು ಉಪ್ಪುಕಾಗದ ತೀಡಿದಷ್ಟೇ. ಮೊದಲು ನೀರು ಹಾಕಿ ಧೂಳು ಇಳಿಸಿ, ಆಮೇಲೆ ಬಟ್ಟೆ.

ಎರಡನೇದು ಟಾರ್ಪಾಲು. ನೀಲಿ ಪ್ಲಾಸ್ಟಿಕ್ ಮುಚ್ಚಿದ್ರೆ ಕಾಪಾಡಿದ ಹಾಗೆ ಅನ್ಸುತ್ತೆ. ಡಿಸೆಂಬರ್, ಜನವರಿ ಮಂಜಲ್ಲಿ ಒಳಗೆ ನೀರು ಕೂತ್ಕೊಳ್ಳುತ್ತೆ, ಹೊರಗೆ ಹೋಗೋಕೆ ದಾರಿ ಇರಲ್ಲ. ಆಷಾಢದ ಗಾಳಿಯಲ್ಲಿ ಅದೇ ಟಾರ್ಪಾಲು ಕೆಳಗೆ ಸಿಕ್ಕ ಮಣ್ಣನ್ನ ಹಿಡ್ಕೊಂಡು ದಿನವಿಡೀ ಪೇಂಟ್ ಉಜ್ಜುತ್ತೆ. ಗಾಳಿಯಾಡೋ ಬಟ್ಟೆಯ ಕವರ್ ಆದ್ರೆ ಪರವಾಗಿಲ್ಲ, ಅದೂ ತೊಳೆದ ಕಾರಿನ ಮೇಲೆ. ಎಲ್ಲಕ್ಕಿಂತ ಒಳ್ಳೇದು ಕಾರನ್ನ ಮುಟ್ಟದೇ ಇರೋ ನೆರಳು: ನಾಲ್ಕು ಕಂಬ, ಮೇಲೆ ದ್ರಾಕ್ಷಿ ತೋಟದವರು, ನರ್ಸರಿಯವರು ಕಟ್ಟೋ ಥರದ ಹಸಿರು ನೆಟ್ಟು.

ಮರದ ನೆರಳು? ಹೊಂಗೆ ನೆರಳು ತಾಯಿ ಮಡಿಲು ಅಂತಾರೆ, ಮನುಷ್ಯರಿಗೆ ಒಪ್ಪಿದೆ. ಕಾರಿಗೆ ಹೂ, ಅಂಟು, ಹಕ್ಕಿ ಹಿಕ್ಕೆ ಮೂರೂ ಸಿಗುತ್ತೆ. ಹಿಕ್ಕೆಯ ಆಮ್ಲ ಬಿಸಿಲಿಗೆ ಕಾದು ಪೇಂಟಲ್ಲಿ ಗುರುತು ಕೊರೆಯುತ್ತೆ, ಅದೇ ದಿನ ನೆನೆಸಿ ತೆಗೀಬೇಕು. ಇನ್ನು ಹಿತ್ತಲಲ್ಲಿ ಚಕ್ಕೋತ ಮರ ಇದ್ರೆ ಅದರ ಕೆಳಗೆ ಕಾರು ನಿಲ್ಲಿಸಬೇಡಿ. ದೇವನಹಳ್ಳಿ ಚಕ್ಕೋತ ಎಷ್ಟು ದಪ್ಪ ಅಂತ ಗೊತ್ತಿದ್ದವರಿಗೆ ವಿವರಣೆ ಬೇಕಿಲ್ಲ.

ಹುಲ್ಲಿನ ಬಣವೆ ಪಕ್ಕವೂ ಬೇಡ. ಬಣವೆಯಲ್ಲಿ ಇಲಿ ಇರುತ್ತೆ, ಓಡದ ಕಾರಿನ ಬಾನೆಟ್ ಅದಕ್ಕೆ ಎರಡನೇ ಮನೆ, ವೈರು ಊಟ.

(7/8)
ಈಗ ನಮ್ಮ ಮನೆ ವಿಷಯ.

ಈ ಭಾಗದಲ್ಲಿ ಮನೆಯ ಅತ್ಯುತ್ತಮ ಕೋಣೆ ಸಿಕ್ತಿದ್ದಿದ್ದು ಯಾರಿಗೆ? ಮನುಷ್ಯರಿಗಲ್ಲ. ದೊಡ್ಡಬಳ್ಳಾಪುರದ ನೇಕಾರರ ಮನೆಗೆ ಹೋಗಿ, ಹಜಾರವೆಲ್ಲ ಮಗ್ಗ, ಜನ ಮಲಗೋದು ಸಂದಿಯಲ್ಲಿ. ದೇವನಹಳ್ಳಿ, ವಿಜಯಪುರದ ಕಡೆ ರೇಷ್ಮೆ ಹುಳು. ಮೈಸೂರು ಸೀಮೆಯಲ್ಲಿ ರೇಷ್ಮೆಗೆ ಒತ್ತು ಕೊಟ್ಟ ಟಿಪ್ಪು ಹುಟ್ಟಿದ್ದೂ ದೇವನಹಳ್ಳಿಯಲ್ಲೇ. ಹುಳಕ್ಕೆ 25 ಡಿಗ್ರಿ ಆಸುಪಾಸಿನ ತಂಪು ಬೇಕು, ತೇವ ಬೇಕು, ಗಾಳಿ ಬೇಕು, ನೇರ ಬಿಸಿಲು ಬೀಳಬಾರದು. 1980ರಲ್ಲಿ ಕರ್ನಾಟಕಕ್ಕೆ ಊಜಿ ನೊಣ ಬಂದ ಮೇಲೆ ಕಿಟಕಿಗೆಲ್ಲ ನೈಲಾನ್ ಜಾಲರಿಯೂ ಬೇಕಾಯ್ತು. ಅಂದ್ರೆ ಹುಳು ಮನೆ ನೆರಳು, ಗಾಳಿ, ಜಾಲರಿ ಎಲ್ಲ ಇರೋ ಕಟ್ಟಡ. ಕಾರಿಗೆ ಇದಕ್ಕಿಂತ ಒಳ್ಳೇ ಗ್ಯಾರೇಜ್ ಯಾರೂ ಕಟ್ಟೋಕಾಗಲ್ಲ. ಕೊರತೆ ಒಂದೇ, ಬಾಗಿಲು ಮನುಷ್ಯನ ಅಗಲದ್ದು.

2008ರ ಮೇ 24ರಂದು ಏರ್‌ಪೋರ್ಟ್ ಶುರುವಾಯ್ತು. ಸುತ್ತಮುತ್ತ ಭೂಮಿ ಬೆಲೆ ಏರಿತು, ಹಿಪ್ಪುನೇರಳೆ ತೋಟಗಳು ಲೇಔಟ್ ಆದ್ವು. ನಮ್ಮದೂ ಹೋಯ್ತು. ನಮ್ಮ ಹುಳು ಮನೆ ಖಾಲಿಯಾಗಿ ಆಮೇಲೆ ಕೆಲಸದವರಿಗೆ ಬಾಡಿಗೆ ರೂಮಾಯ್ತು. ನಮ್ಮ ದೊಡ್ಡಪ್ಪನ ಮಗ, ನಾನು ಅಣ್ಣ ಅಂತ್ಲೇ ಕರೆಯೋದು, ಹೋದ ವರ್ಷ ಎರಡು ಸೀಟಿನ ಸೆಕೆಂಡ್ ಹ್ಯಾಂಡ್ ಕಾರು ತಂದ. ಯಾವ ಕಾರು ಅಂತ ಹೇಳೋಕೆ ಅವನು ಬಿಡಲ್ಲ. ಅಷ್ಟೊತ್ತಿಗೆ ಬಾಡಿಗೆಯವರು ಖಾಲಿ ಮಾಡಿದ್ರು. ಮುಂದಿನ ಗೋಡೆ ಒಡೆದು ಶಟರ್ ಹಾಕೋಣ ಅಂದ.

ಅಪ್ಪ ಬಾಡಿಗೆ ಲೆಕ್ಕ ಹೇಳಿದ್ರು. ನನ್ನನ್ನೂ ಕೂರಿಸಿಕೊಂಡು ಲೆಕ್ಕ ಹಾಕಿಸಿದ್ರು. ತೆರಿಗೆ ಲೆಕ್ಕದಲ್ಲಿ ವ್ಯಾಪಾರಕ್ಕೆ ಬಳಸೋ ಕಾರಿಗೆ ವರ್ಷಕ್ಕೆ 15 ಪರ್ಸೆಂಟ್ ಸವಕಳಿ: 10 ಲಕ್ಷದ್ದು ಮೊದಲ ವರ್ಷ 8.5, ಎರಡನೇ ವರ್ಷ 7.225. ನೆರಳಲ್ಲಿತ್ತಾ ಬಿಸಿಲಲ್ಲಿತ್ತಾ ಅಂತ ಆ ಲೆಕ್ಕ ಕೇಳಲ್ಲ. ಅಣ್ಣನ ಕಾರು ವ್ಯಾಪಾರದ್ದೂ ಅಲ್ಲ. ಅದರ ಕೆಳಗಿರೋ ಜಾಗಕ್ಕೆ ಸವಕಳಿ ಅನ್ನೋದೇ ಇಲ್ಲ. ಅಣ್ಣನಿಗೆ ಸಿಟ್ಟು ಬಂತು. "ಎಲ್ಲಾನೂ ದುಡ್ಡಲ್ಲೇ ಅಳೀತೀರಾ" ಅಂದ. ಆ ಮಾತಿಗೂ ನನ್ನ ಹತ್ರ ಉತ್ತರ ಇರಲಿಲ್ಲ.

ಕೊನೆಗೆ ಅಜ್ಜಿ ಬಾಯಿಬಿಟ್ಟಿದ್ದು. "ನಾಕನೇ ಜ್ವರದಾಗೆ ರಾತ್ರಿಯೆಲ್ಲಾ ನಿದ್ದೆಗೆಟ್ಟು ಹುಳ ಕಾದಿದ್ದೀನಿ ಕಣ್ಲಾ ಆ ಮನೇಲಿ. ಗೂಡು ಮಾರಿ ನಿಮ್ಮಪ್ಪನ್ನ ಓದ್ಸಿದ್ದು. ನಿನ್ನ ಗಾಡಿ ಏನ್ ದುಡಿತೈತೆ ಹೇಳ್ಲಾ, ಒಡ್ಕೊಳಂತೆ."

ಅಣ್ಣ ಸುಮ್ನೆ ಎದ್ದು ಹೋದ.

ಅಜ್ಜಿ ಹೇಳಿದ್ದೇ ಈ ಊರಿನ ಹಳೇ ನಿಯಮ ಅಂತ ನನಗೆ ಆಮೇಲೆ ಹೊಳೀತು. ದುಡಿಯೋದಕ್ಕೆ ಸೂರು: ಎತ್ತು, ಹುಳ, ಮಗ್ಗ. ದುಡಿಯದೇ ಇರೋದಕ್ಕೆ ಬಯಲು. ತೇರು ದುಡಿಯಲ್ಲ, ಆದ್ರೆ ಅದು ಊರೆಲ್ಲರದ್ದು, ಊರೇ ತಗಡು ಹಾಕಿಸುತ್ತೆ. ಸ್ಪೋರ್ಟ್ಸ್ ಕಾರು ಎರಡೂ ಅಲ್ಲ. ಒಬ್ಬನ ಆಸೆ ಅಷ್ಟೇ. ಆಸೆಗೆ ನಮ್ಮ ಹಳೇ ಮನೆಗಳಲ್ಲಿ ಯಾರೂ ಕೋಣೆ ಕಟ್ಟಿರಲಿಲ್ಲ. ಅದು ಸರೀನಾ ಅಂದ್ರೆ, ನನಗೆ ಅಜ್ಜಿ ಮಾತು ಅರ್ಥ ಆಗುತ್ತೆ, ಅಣ್ಣನ ಮುಖವೂ ನೆನಪಾಗುತ್ತೆ.

(8/8)
ಗೋಡೆ ಒಡೆದಿಲ್ಲ. ಒಂದು ರೂಮು ಮತ್ತೆ ಬಾಡಿಗೆಗೆ ಹೋಗಿದೆ, ಇನ್ನೊಂದು ಖಾಲಿ. ಕಾರು ಅದರ ಪಕ್ಕದ ಓಣಿಯಲ್ಲಿ, ಹಳೇ ಚಂದ್ರಿಕೆಗಳನ್ನ ಒರಗಿಸಿಡ್ತಿದ್ದ ಜಾಗದಲ್ಲಿ ನಿಲ್ಲುತ್ತೆ. ಮಧ್ಯಾಹ್ನದ ಮೇಲೆ ಗೋಡೆ ನೆರಳು ಬೀಳುತ್ತೆ, ಬೆಳಗಿನ ಬಿಸಿಲಿಗೆ ಹಸಿರು ನೆಟ್ಟು. ಟೈರ್ ಒಂದೇ ಕಡೆ ಒತ್ತಿ ಚಪ್ಪಟೆ ಆಗಬಾರದು ಅಂತ ವಾರಕ್ಕೊಮ್ಮೆ ಒಂದಿಷ್ಟು ಹಿಂದೆ ಮುಂದೆ ಮಾಡ್ತಾನೆ. ಭಾನುವಾರ ಬೆಳಿಗ್ಗೆ ಐದಕ್ಕೆ ನಂದಿ ಕಡೆ ಹೋಗಿ ಬರ್ತಾನೆ, ಬಂದ ಮೇಲೆ ಮೊದಲು ನೀರು, ಆಮೇಲೆ ಬಟ್ಟೆ.

ಪರೀಕ್ಷೆ, ಕೆಲಸ ಅಂತ ತಿಂಗಳುಗಟ್ಟಲೆ ಓಡಿಸೋಕೆ ಆಗಲ್ಲ ಅಂದಾಗ ಬ್ಯಾಟರಿ ಬಿಚ್ತಾನೆ. ಚಾರ್ಜ್ ಇಳಿದು ಹಾಗೇ ಬಿಟ್ರೆ ಬ್ಯಾಟರಿ ಸಾಯುತ್ತೆ. ಅದನ್ನ ಎತ್ಕೊಂಡು ಬಂದು ಹುಳು ಮನೆಯ ಖಾಲಿ ರೂಮಲ್ಲಿ, ಜಾಲರಿ ಕಿಟಕಿ ಪಕ್ಕದ ಹಲಗೆ ಮೇಲೆ ಇಡ್ತಾನೆ. ಅಜ್ಜಿ ಅದಕ್ಕೇನೂ ಅಂದಿಲ್ಲ. ಹೋದ ವಾರ ರೂಮು ಗುಡಿಸುವಾಗ ಅದನ್ನ ಪಕ್ಕಕ್ಕೆ ಸರಿಸಿ, ನೆಲ ಒರೆಸಿ, ಮತ್ತೆ ಅದೇ ಜಾಗಕ್ಕೆ ಇಟ್ಟಿದ್ದಾರೆ.

#ಊರಿನಲೆಕ್ಕ #ದೇವನಹಳ್ಳಿ #ದೊಡ್ಡಬಳ್ಳಾಪುರ #ಹುಳುಮನೆ