ನೋಟಿನ ಮೇಲೆ ಮುಖ ಇದೆ, ಪುಸ್ತಕದ ಮೇಲೆ ಹೆಸರಿರಲಿಲ್ಲ

(1/4)
ಆಸ್ಟ್ರೇಲಿಯಾದ 50 ಡಾಲರ್ ನೋಟು ನೋಡಿದ್ದೀರಾ? ಒಂದ್ಸಲ ಗೂಗಲ್ ಮಾಡಿ ವಾಪಸ್ ಬನ್ನಿ. ಅದರಲ್ಲಿರೋ ಹಿರಿಯರು ಡೇವಿಡ್ ಯುನೈಪನ್, ಅಲ್ಲಿನ ಮೂಲನಿವಾಸಿ ಲೇಖಕರು. 1995ರಿಂದ ಅವರ ಮುಖ ನೋಟಿನ ಮೇಲಿದೆ. ಆದ್ರೆ ಅವರು ಬರೆದ ಕಥೆಗಳು ದೊಡ್ಡ ಪುಸ್ತಕವಾಗಿ ಬಂದಾಗ ಅದರ ಮೇಲೆ ಅವರ ಹೆಸರೇ ಇರಲಿಲ್ಲ. ಹೇಗೆ ಅಂತ ಹೇಳ್ತೀನಿ. ಅದಕ್ಕೆ ಮೊದಲು ಅಲ್ಲಿನ ಕಾಡುಪ್ರಾಣಿಗಳು ಮಕ್ಕಳ ಪುಸ್ತಕಕ್ಕೆ ಹೇಗೆ ಬಂದ್ವು ಅಂತ ನೋಡೋಣ.

(2/4)
ಬ್ರಿಟಿಷರು ಬಂದು ನೆಲೆಸಿ ನೂರು ವರ್ಷ ಆದ್ಮೇಲೂ ಅವರ ಮಕ್ಕಳು ಹೆಚ್ಚಾಗಿ ಓದ್ತಿದ್ದದ್ದು ಇಂಗ್ಲೆಂಡಿನ ಕಥೆಗಳನ್ನೇ. ಪುಸ್ತಕದಲ್ಲಿ ಹಿಮ, ಮನೆ ಹೊರಗೆ ಕಾಂಗರೂ! 1899ರಲ್ಲಿ ಎಥೆಲ್ ಪೆಡ್ಲಿ ಅನ್ನೋ ಸಂಗೀತ ಶಿಕ್ಷಕಿಯ ‘ಡಾಟ್ ಅಂಡ್ ದ ಕಾಂಗರೂ’ ಬಂತು. ಕಾಡಲ್ಲಿ ದಾರಿ ತಪ್ಪಿದ ಪುಟ್ಟ ಹುಡುಗಿಯನ್ನ, ಮರಿ ಕಳ್ಕೊಂಡ ಕಾಂಗರೂ ತನ್ನ ಹೊಟ್ಟೆಚೀಲದಲ್ಲಿ ಕೂರಿಸ್ಕೊಂಡು ಓಡಾಡುತ್ತೆ. ಪ್ರಾಣಿಗಳೆಲ್ಲ ಸೇರಿ ಕೋರ್ಟ್ ನಡೆಸಿ, ಮನುಷ್ಯರ ತಪ್ಪುಗಳಿಗೆ ಆ ಹುಡುಗಿಯನ್ನೇ ವಿಚಾರಣೆಗೆ ನಿಲ್ಲಿಸ್ತಾವೆ. ಪುಸ್ತಕ ಅಚ್ಚಾಗಿದ್ದನ್ನ ಪೆಡ್ಲಿ ನೋಡ್ಲಿಲ್ಲ, 1898ರಲ್ಲೇ ತೀರ್ಕೊಂಡಿದ್ರು.

ಆಮೇಲೆ ಮೇ ಗಿಬ್ಸ್. ನೀಲಗಿರಿ ಮರದ ಕೆಳಗೆ ಬಿದ್ದಿರೋ ಕಾಯಿ ನೋಡಿದ್ದೀರಲ್ಲ? ಅದನ್ನೇ ಟೋಪಿ ಮಾಡ್ಕೊಂಡ ಪುಟಾಣಿಗಳನ್ನ ಬರೆದು, ಚಿತ್ರಾನೂ ತಾವೇ ಬಿಡಿಸಿದ್ರು. ‘ಸ್ನಗಲ್‌ಪಾಟ್ ಅಂಡ್ ಕಡಲ್‌ಪೈ’, 1918. ಪ್ರಕಾಶಕರು ಸಿಡ್ನಿಯ ಆಂಗಸ್ ಅಂಡ್ ರಾಬರ್ಟ್‌ಸನ್. ಈ ಹೆಸರು ನೆನಪಿಟ್ಕೊಳ್ಳಿ.

(3/4)
ಪುಸ್ತಕದಲ್ಲಿ ಪ್ರಾಣಿಗಳನ್ನ ಮುದ್ದು ಮಾಡ್ತಿದ್ದ ಕಾಲದಲ್ಲೇ ಹೊರಗೆ ಅವುಗಳ ಚರ್ಮ ಮಾರಾಟ ಆಗ್ತಿತ್ತು. 1927ರ ಆಗಸ್ಟ್‌ನಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಕೋಲಾ ಬೇಟೆಗೆ ಅನುಮತಿ ಕೊಡ್ತು. ಒಂದೇ ತಿಂಗಳಲ್ಲಿ ಸತ್ತದ್ದು 5 ಲಕ್ಷಕ್ಕೂ ಹೆಚ್ಚು. ಜನ ಅದನ್ನ ಇವತ್ತಿಗೂ ‘ಕರಾಳ ಆಗಸ್ಟ್’ ಅಂತಾರೆ. ಆರು ವರ್ಷದ ಮೇಲೆ, 1933ರಲ್ಲಿ, ಡೊರೊತಿ ವಾಲ್ ‘ಬ್ಲಿಂಕಿ ಬಿಲ್’ ಬರೆದ್ರು. ತುಂಟ ಕೋಲಾ ಮರಿಯ ಕಥೆ, ಟಿವಿ ಕಾರ್ಟೂನ್ ಕೂಡ ಆಯ್ತು. ಆದ್ರೆ ಮೂಲ ಪುಸ್ತಕದಲ್ಲಿ ಮರಿಯ ಅಪ್ಪ ಮನುಷ್ಯನ ಗುಂಡಿಗೆ ಸಾಯುತ್ತೆ. ಮಕ್ಕಳಿಗೆ ಇದನ್ನ ಮುಚ್ಚಿಡದೆ ಹೇಳಿದ್ದು ನನಗಂತೂ ಸರಿ ಅನ್ಸುತ್ತೆ.

(4/4)
ಈಗ ನೋಟಿಗೆ ಬರೋಣ. ಯುನೈಪನ್ ದಕ್ಷಿಣ ಆಸ್ಟ್ರೇಲಿಯಾದ ನಾರಿಂಜೇರಿ ಸಮುದಾಯದವರು. ಬಹುಮುಖ ಪ್ರತಿಭೆ. ಕುರಿಯ ಉಣ್ಣೆ ಕತ್ತರಿಸೋ ಯಂತ್ರವನ್ನ ಸುಧಾರಿಸಿ 1909ರಲ್ಲಿ ತಾತ್ಕಾಲಿಕ ಪೇಟೆಂಟ್ ತಗೊಂಡ್ರು, ಆದ್ರೆ ಅದರಿಂದ ಒಂದು ಕಾಸೂ ಬರ್ಲಿಲ್ಲ. 1920ರ ದಶಕದಲ್ಲಿ ತಮ್ಮವರ ಕಥೆಗಳನ್ನ ಬರೆದಿಟ್ರು. ಸಾವಿರಾರು ವರ್ಷಗಳಿಂದ ಬಾಯಿಂದ ಬಾಯಿಗೆ ಬಂದ, ಆ ನೆಲದ ಪ್ರಾಣಿಪಕ್ಷಿಗಳು ತುಂಬಿರೋ ಕಥೆಗಳು. ಅದರ ಹಕ್ಕು ಆಂಗಸ್ ಅಂಡ್ ರಾಬರ್ಟ್‌ಸನ್‌ಗೆ ಹೋಯ್ತು. ಅವರು ವಿಲಿಯಂ ರಾಮ್ಸೆ ಸ್ಮಿತ್ ಅನ್ನೋ ಡಾಕ್ಟರಿಗೆ ಮಾರಿದ್ರು. ಆ ಡಾಕ್ಟರು 1930ರಲ್ಲಿ ಲಂಡನ್‌ನಲ್ಲಿ ತಮ್ಮ ಹೆಸರಲ್ಲೇ ಪುಸ್ತಕ ತಂದ್ರು. ಯುನೈಪನ್ 1967ರಲ್ಲಿ ತೀರ್ಕೊಂಡ್ರು. ಅವರ ಹೆಸರಲ್ಲಿ ಆ ಕಥೆಗಳು ಪ್ರಕಟ ಆಗಿದ್ದು 2001ರಲ್ಲಿ!

ಬಿಕಾಂನಲ್ಲಿ ನಾವು ಕಾಪಿರೈಟನ್ನ ಮಾರ್ಕ್ಸ್‌ಗೋಸ್ಕರ ಓದ್ತೀವಿ. ಇಲ್ಲಿ ನೋಡಿ: 1969ರಲ್ಲಿ ತೀರ್ಕೊಂಡ ಮೇ ಗಿಬ್ಸ್ ತಮ್ಮ ಪುಸ್ತಕಗಳ ಹಕ್ಕನ್ನ, ಅಂಗವೈಕಲ್ಯ ಇರೋ ಮಕ್ಕಳಿಗಾಗಿ ಕೆಲಸ ಮಾಡೋ ಎರಡು ಸಂಸ್ಥೆಗಳಿಗೆ ವಿಲ್ ಬರೆದಿಟ್ರು. ಈಗಲೂ ರಾಯಲ್ಟಿ ಅಲ್ಲಿಗೇ ಹೋಗುತ್ತೆ. ತುಂಬಾ ಒಳ್ಳೇ ಕೆಲಸ. ಆದ್ರೆ ಹಾಗೆ ದಾನ ಮಾಡೋಕೆ ಮೊದಲು ಹಕ್ಕು ನಿಮ್ಮ ಕೈಲಿರಬೇಕಲ್ವಾ? ಯುನೈಪನ್ ಕೈಲಿ ಅದೂ ಇರ್ಲಿಲ್ಲ.

1972ರಲ್ಲಿ ಅದೇ ಆಂಗಸ್ ಅಂಡ್ ರಾಬರ್ಟ್‌ಸನ್ ‘ಸ್ಟ್ರಾಡ್‌ಬ್ರೋಕ್ ಡ್ರೀಮ್‌ಟೈಮ್’ ಪ್ರಕಟಿಸಿತು. ಬರೆದವರು ಮೂಲನಿವಾಸಿ ಕವಯಿತ್ರಿ ಕ್ಯಾತ್ ವಾಕರ್, ಮುಂದೆ ಊಜರೂ ನೂನಕಲ್ ಅಂತ ಹೆಸರಾದವರು. ಈ ಸಲ ಪುಸ್ತಕದ ಮೇಲೆ ಅವರದ್ದೇ ಹೆಸರು. ಅದರಲ್ಲಿ ಅವರ ಬಾಲ್ಯದ ಒಂದು ಕಥೆ ಇದೆ. ತಿನ್ನೋಕೆ ಬೇಕಾದ್ರೆ ಮಾತ್ರ ಪ್ರಾಣಿ ಕೊಲ್ಲಬೇಕು ಅನ್ನೋದು ಅಪ್ಪನ ನಿಯಮ. ಮಕ್ಕಳು ಸುಮ್ನೆ ಆಟಕ್ಕೆ ಒಂದು ಕೂಕಬರಾ ಹಕ್ಕಿಗೆ ಕಲ್ಲು ಹೊಡೀತಾರೆ. ಗೊತ್ತಾದ ತಕ್ಷಣ ಅಪ್ಪ ಅವರ ಕವಣೆಗಳನ್ನ ಕಿತ್ಕೊಂಡುಬಿಡ್ತಾರೆ.