ಕಡಲ ಕರೆಯ ಪಟ್ಟಣಗಳೂ ಅತಿಥಿಗಳ ಕಣ್ಣೂ

ಮಳೆಗಾಲ ಕಾಲಿಟ್ಟೊಡನೆ ಸೊರಬದ ಸೀಮೆಯ ಗುಡವಿಯ ಕೆರೆಗೆ ಹಕ್ಕಿಗಳು ಹಿಂಡುಹಿಂಡಾಗಿ ಬಂದಿಳಿಯುತ್ತವೆ. ನೀರಿನಲ್ಲಿ ನಿಂತ ಮರಗಳ ಮೇಲೆ ಗೂಡು ಕಟ್ಟಿ, ಮರಿಗಳನ್ನು ಸಾಕಿ, ಋತು ತಿರುಗಿದ ಮೇಲೆ ಹೊರಟುಹೋಗುತ್ತವೆ. ನಮ್ಮ ನಾಡನ್ನು ಕುರಿತು ಅವು ಏನನ್ನೂ ಬರೆದಿಡುವುದಿಲ್ಲ. ಆದರೆ ಇದೇ ಗುಡವಿಯಿಂದ ಪಡುವಣಕ್ಕೆ ಹೊರಟು, ಸಿದ್ಧಾಪುರವನ್ನು ಹಾದು, ಗೇರುಸೊಪ್ಪೆಯ ಘಟ್ಟವನ್ನಿಳಿದು ಶರಾವತಿಯ ಅಳಿವೆಯನ್ನು ಸೇರಿದರೆ, ಬಂದ ಅತಿಥಿಗಳು ತಮ್ಮ ಮಾತನ್ನು ಬಿಟ್ಟುಹೋಗಿರುವ ಪಟ್ಟಣಗಳು ದೊರೆಯುತ್ತವೆ. ಅಂತಹ ಅತಿಥಿಗಳಲ್ಲಿ ಇಬ್ಬರನ್ನು ಕುರಿತು ಈ ದಿನ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಮೊದಲನೆಯವನು ಟಾಂಜಿಯರಿನ ಇಬ್ನ್ ಬತೂತ. ದೆಹಲಿಯ ಸುಲ್ತಾನನ ರಾಯಭಾರಿಯಾಗಿ ಚೀನಕ್ಕೆ ಹೊರಟಿದ್ದ ಇವನು 1342ರ ಸುಮಾರಿನಲ್ಲಿ ಹೊನ್ನಾವರವನ್ನು ಕಂಡನು. ಅಲ್ಲಿ ಆಳುತ್ತಿದ್ದವನು ಜಮಾಲುದ್ದೀನ ಮಹಮ್ಮದನೆಂಬ ಮುಸಲ್ಮಾನ ಒಡೆಯ. ಅವನ ಮೇಲೆ ಹರಿಯಬನೆಂಬ ಹಿಂದೂ ಅರಸನಿದ್ದನೆಂದು ಬತೂತನು ಹೇಳುತ್ತಾನೆ. ಈ ಹರಿಯಬನು ವಿಜಯನಗರದ ಒಂದನೆಯ ಹರಿಹರನೇ ಆಗಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ಗೋದಿಯ ರೊಟ್ಟಿಗೆ ಒಗ್ಗಿದ ಆ ಪ್ರವಾಸಿಗೆ ಇಲ್ಲಿ ತಿಂಗಳುಗಟ್ಟಲೆ ಅನ್ನವೇ ಗತಿಯಾಯಿತು. ಅದನ್ನು ಅವನು ಸ್ವಲ್ಪ ಬೇಸರದಿಂದಲೇ ನೆನೆಯುತ್ತಾನೆ. ಆದರೆ ಒಡೆಯನ ಮನೆಯ ತುಪ್ಪ, ಉಪ್ಪಿನಕಾಯಿಗಳ ವಿವರವನ್ನು ಮಾತ್ರ ಬಿಡುವುದಿಲ್ಲ.

ಅವನು ಹೇಳುವ ಎರಡು ಸಂಗತಿಗಳು ಮುಖ್ಯವಾದುವು. ಹೊನ್ನಾವರದಲ್ಲಿ ಹುಡುಗರಿಗೆ 23 ಪಾಠಶಾಲೆಗಳೂ ಹುಡುಗಿಯರಿಗೆ 13 ಪಾಠಶಾಲೆಗಳೂ ಇದ್ದುವೆಂದೂ, ಇಂತಹದನ್ನು ತಾನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಹೇಳಿರುವುದು ಒಂದು. ಈ ಊರಿನವರು ಕಡಲ ವ್ಯಾಪಾರದಿಂದ ಬದುಕುವವರು, ಇವರಿಗೆ ಉಳುವ ಭೂಮಿಯಿಲ್ಲ ಎಂದಿರುವುದು ಇನ್ನೊಂದು. ಬತೂತನು ತನ್ನ ಪ್ರವಾಸವನ್ನು ಹಲವು ವರ್ಷಗಳ ಮೇಲೆ ನೆನಪಿನಿಂದ ಹೇಳಿ ಬರೆಯಿಸಿದವನು; ಆದಕಾರಣ ಅವನ ಅಂಕಿಗಳನ್ನು ಅಕ್ಷರಶಃ ಹಿಡಿಯಬೇಕಾಗಿಲ್ಲ. ಆದರೂ, ಹಡಗುಗಳನ್ನೇ ಹೊಲವಾಗಿ ಉಳ್ಳ ಒಂದು ಪಟ್ಟಣವು ತನ್ನ ಹೆಣ್ಣುಮಕ್ಕಳನ್ನು ಓದಿಸುತ್ತಿದ್ದಿತೆಂಬ ಚಿತ್ರವನ್ನು ಅಲ್ಲಗಳೆಯುವ ಕಾರಣವೂ ಇಲ್ಲ.

ಎರಡನೆಯ ಅತಿಥಿ ರೋಮಿನ ಪಿಯೆತ್ರೊ ದೆಲ್ಲಾ ವಾಲೆ. 1586ರಲ್ಲಿ ಕುಲೀನರ ಮನೆಯಲ್ಲಿ ಹುಟ್ಟಿ, 1614ರಲ್ಲಿ ವೆನಿಸಿನಿಂದ ಹೊರಟವನು. ಬಾಗ್ದಾದಿನಲ್ಲಿ ಮದುವೆಯಾದ ಹೆಂಡತಿ ಪಾರಸಿಕ ದೇಶದಲ್ಲಿ ತೀರಿಕೊಂಡಾಗ, ಆಕೆಯ ದೇಹವನ್ನು ಕೆಡದಂತೆ ಸಂಸ್ಕರಿಸಿ ಪೆಟ್ಟಿಗೆಯಲ್ಲಿಟ್ಟುಕೊಂಡೇ ಹಿಂದೂದೇಶವನ್ನೆಲ್ಲ ಸುತ್ತಿದನು. ಹೀಗೆ ದುಃಖವನ್ನು ಜೊತೆಯಲ್ಲಿ ಹೊತ್ತು ತಿರುಗಿದವನು ನೋಡಿದ ನೋಟಗಳಲ್ಲಿ ಎಷ್ಟು ಕುತೂಹಲ, ಎಷ್ಟು ಲವಲವಿಕೆ ಇದೆಯೆಂಬುದು ಆಶ್ಚರ್ಯಕರವಾದ ವಿಷಯ. ಇವನಿಗೆ ವ್ಯಾಪಾರವಿರಲಿಲ್ಲ, ಮತಪ್ರಚಾರದ ಕೆಲಸವಿರಲಿಲ್ಲ; ನೋಡುವುದೇ ಇವನ ಉದ್ಯೋಗ. ಕಂಡುದನ್ನು ನೇಪಲ್ಸಿನ ಮಿತ್ರನೊಬ್ಬನಿಗೆ ಕಾಗದಗಳಲ್ಲಿ ಬರೆದನು.

1623ರ ಅಕ್ಟೋಬರಿನಲ್ಲಿ, ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯೊಡನೆ ಇವನು ಗೋವೆಯಿಂದ ಹೊನ್ನಾವರಕ್ಕೆ ಬಂದನು. ಬತೂತನು ಕಂಡ ಹೊನ್ನಾವರ ಆಗ ಉಳಿದಿರಲಿಲ್ಲ. ಕೋಟೆ 1569ರಲ್ಲಿಯೇ ಪೋರ್ಚುಗೀಸರ ಕೈಸೇರಿತ್ತು. ದಟ್ಟವಾದ ತೆಂಗಿನ ತೋಟದ ನೆರಳಿನಲ್ಲಿ ಮನೆಗಳೆನ್ನುವುದಕ್ಕಿಂತ ಗುಡಿಸಲುಗಳೆನ್ನಬಹುದಾದ ವಾಸಗಳು. ಊರಿನ ಹೊರಗೆ ರಾಮತೀರ್ಥದ ಚಿಲುಮೆ ಮತ್ತು ಸ್ನಾನದ ಕೊಳ. ಊರು ಸಣ್ಣದಾಗಿತ್ತು, ಹಿತವಾಗಿಯೂ ಇತ್ತು. ವ್ಯಾಪಾರವು ಹಿಂದೆ ಸರಿದ ರೇವಿನಲ್ಲಿ ಉಳಿಯುವುದು ಇಂತಹ ಹಿತವೇ.

ಅಲ್ಲಿಂದ ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಹೋದುದು ತನ್ನ ಜೀವಮಾನದ ಅತ್ಯಂತ ಆನಂದಕರವಾದ ಪ್ರಯಾಣಗಳಲ್ಲೊಂದೆಂದು ಅವನು ಬರೆಯುತ್ತಾನೆ. ಎರಡು ಕಡೆಯೂ ಗುಡ್ಡಗಳು, ಕಣಿವೆಗಳು, ದಡದ ಮರಗಳು. ಆದರೆ ದೋಣಿ ನಿಂತ ಎಡೆಯಲ್ಲಿ ಪಟ್ಟಣವಿರಲಿಲ್ಲ. ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯು ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ರಾಜಧಾನಿ ಅದು. ಅವಳ ರಾಜ್ಯ ಕೆಳದಿಯವರ ವಶವಾಗಿ ಹೆಚ್ಚು ಕಾಲವಾಗಿರಲಿಲ್ಲ. ಅಷ್ಟರಲ್ಲಿಯೇ ಅರಮನೆಯ ಮೇಲೆ ಕಾಡು ಬೆಳೆದಿತ್ತು. ಕೆಲವು ರೈತರ ಗುಡಿಸಲುಗಳ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಕಲ್ಲಿನ ಚತುರ್ಮುಖ ಬಸದಿ ಇಂದಿಗೂ ಆ ಕಾಡಿನಲ್ಲಿ ನಿಂತು ಊರಿನ ಹಿಂದಿನ ಅಳತೆಯನ್ನು ತೋರಿಸುತ್ತದೆ.

ಆ ರಾಣಿಯು ಪರಕೀಯನೊಬ್ಬನನ್ನು ನಂಬಿ ಕೆಟ್ಟಳೆಂಬ ಕಥೆಯನ್ನು ದೆಲ್ಲಾ ವಾಲೆ ಕೇಳಿ ಬರೆದಿದ್ದಾನೆ. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಪಾಳುಬಿದ್ದ ಅರಮನೆ ಅವನು ಕಣ್ಣಾರೆ ಕಂಡುದು. ರಾಣಿಯ ನಡತೆ ಅವನು ಕಿವಿಯಾರೆ ಕೇಳಿದುದು. ಅವನ ಜೊತೆಯಲ್ಲಿದ್ದವರಾದರೂ ಯಾರು? ಅವಳಿಂದ ಮೆಣಸನ್ನು ಕೊಂಡವರು, ಅವಳನ್ನು ಗೆದ್ದವನ ಆಸ್ಥಾನಕ್ಕೆ ಹೊರಟವರು. ಅತಿಥಿಯ ಕಣ್ಣನ್ನು ನಂಬಬಹುದು. ಅವನ ಕಿವಿಯನ್ನು ತೂಗಿನೋಡಿ ನಂಬಬೇಕು. ಚರಿತ್ರೆಯನ್ನು ಓದುವವರಿಗೆ ಇದಕ್ಕಿಂತ ಉಪಯುಕ್ತವಾದ ನಿಯಮ ಇನ್ನೊಂದಿಲ್ಲ.

ಇಕ್ಕೇರಿಗೆ ಹೋಗುವ ದಾರಿಯಲ್ಲಿ, ಘಟ್ಟದ ಗುಡಿಯೊಂದರ ಜಗಲಿಯಲ್ಲಿ ಅವನು ಕೆಲವು ಹುಡುಗರನ್ನು ಕಂಡನು. ನೆಲದ ಮೇಲೆ ನುಣುಪಾದ ಮರಳನ್ನು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ರಾಗವಾಗಿ ಹೇಳಿಕೊಳ್ಳುತ್ತ, ಉಪಾಧ್ಯಾಯನಿಲ್ಲದೆಯೇ ಒಬ್ಬರಿಗೊಬ್ಬರು ಲೆಕ್ಕವನ್ನು ಕಲಿಸುತ್ತಿದ್ದರು. ಮರಳು ತುಂಬಿದರೆ ಅಳಿಸಿ ಮತ್ತೆ ಬರೆಯುವುದು, ಕಾಗದದ ವೆಚ್ಚವಿಲ್ಲ. ಕಡಲ ಕರೆಯಲ್ಲಿ ಬತೂತನು ಕಂಡ ಪಾಠಶಾಲೆಗಳನ್ನು ನೆನೆದರೆ, ಈ ಮರಳಿನ ಲೆಕ್ಕವು ಘಟ್ಟದ ಮೇಲೂ ವಿದ್ಯೆಗೆ ಬರವಿರಲಿಲ್ಲವೆಂಬುದನ್ನು ತಿಳಿಸುತ್ತದೆ.

ಡಿಸೆಂಬರ್ ತಿಂಗಳ ಸೌಮ್ಯವಾದ ಹವೆಯಲ್ಲಿ ಅವನು ಮಂಗಳೂರನ್ನು ಸೇರಿ, ನೇತ್ರಾವತಿಯ ಆಚೆಯ ಉಳ್ಳಾಲವನ್ನು ನೋಡಿದನು. ಒಂದು ಕಡೆ ಕಡಲು, ಒಂದು ಕಡೆ ಹಿನ್ನೀರು. ನಡುವಿನ ನೆಲದಲ್ಲಿ ಊರು. ಅಲ್ಲಿನ ಪೇಟೆಯಲ್ಲಿ ದಿನಸಿಯೊಡನೆ, ಊರಿನಲ್ಲಿಯೇ ನೇಯ್ದ ಬಿಳಿಯ ಮತ್ತು ಪಟ್ಟೆಯ ಬಟ್ಟೆ ಧಾರಾಳವಾಗಿ ದೊರೆಯುತ್ತಿತ್ತು. ಬಟ್ಟೆ ಒರಟು, ಜನ ಉಡುವಂತಹದು. ಊರಿನ ಕೊನೆಯಲ್ಲಿ ಮನೋಹರವಾದ ತೋಪು, ತೋಪಿನ ಕೊನೆಯಲ್ಲಿ ದೊಡ್ಡ ಗುಡಿ. ನಮ್ಮ ಶಾಸನಗಳು ದಾನವನ್ನು ಹೇಳುತ್ತವೆ, ಯುದ್ಧವನ್ನು ಹೇಳುತ್ತವೆ, ಸುಂಕವನ್ನೂ ಹೇಳುತ್ತವೆ. ಪೇಟೆಯ ಅಂಗಡಿಯಲ್ಲಿ ತೂಗುತ್ತಿದ್ದ ಬಟ್ಟೆಗೆ ಪಟ್ಟೆಯಿತ್ತೆಂಬುದನ್ನು ಹೇಳುವುದಕ್ಕೆ ಕೆಲಸವಿಲ್ಲದ ಒಬ್ಬ ಪರದೇಶಿಯೇ ಬರಬೇಕಾಯಿತು.

ಉಳ್ಳಾಲದ ಚೌಟ ರಾಣಿಯನ್ನು ನೋಡಲು ಅವನು ಒಳನಾಡಿನ ಮಣೇಲಿಗೆ ಹೋದನು. ಗಂಡನಾದ ಬಂಗರಾಜನೊಡನೆ ಮುರಿದುಕೊಂಡು, ಅವನ ಪಕ್ಷದ ಪೋರ್ಚುಗೀಸರನ್ನೂ ಎದುರಿಸಿ ನಿಂತ ಹೆಣ್ಣು ಅವಳು. ಆಸ್ಥಾನವನ್ನೂ ಸಿಂಹಾಸನವನ್ನೂ ನಿರೀಕ್ಷಿಸಿದ್ದವನಿಗೆ ರಾಣಿ ದೊರೆತುದು ದಾರಿಯಲ್ಲಿ. ಬರಿಗಾಲು, ಸಾದಾ ಹತ್ತಿಯ ಬಟ್ಟೆ, ಮೇಲೆ ಓಲೆಯ ಕೊಡೆ. ತಾನು ತೋಡಿಸುತ್ತಿದ್ದ ನೀರಿನ ಕಾಲುವೆಗಳನ್ನು ನೋಡಿಕೊಳ್ಳಲು ಹೊರಟಿದ್ದಳು. ತುರ್ಕರ, ಪಾರಸಿಕರ, ಮೊಗಲರ ರಾಜ್ಯಗಳನ್ನು ಕಂಡವನು ತನ್ನ ಕಾಡಿನಲ್ಲಿ ಏನನ್ನು ನೋಡಲು ಬಂದನೆಂದು ವಿಚಾರಿಸಿದಳು. ನೋಡಿದರೆ ಅಡಿಗೆಯ ಆಳಿನಂತೆ ಕಾಣುವಳೆಂದು ಮೊದಲು ಬರೆದ ಅವನೇ, ಅವಳ ಮಾತಿನಲ್ಲಿಯೂ ವಿವೇಕದಲ್ಲಿಯೂ ರಾಣಿತನ ತೋರಿತೆಂದು ಮುಂದೆ ಒಪ್ಪಿಕೊಳ್ಳುತ್ತಾನೆ. ಅವನ ಹಿರಿಮೆ ಇರುವುದು ಇಲ್ಲಿಯೇ: ತನ್ನ ರೋಮಿನ ಅಭಿರುಚಿಗೆ ಒಗ್ಗದುದನ್ನೂ ಅವನು ಮರೆಮಾಡಲಿಲ್ಲ.

ಈ ಮೂರು ಪಟ್ಟಣಗಳನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹೊನ್ನಾವರವು ಕಡಲನ್ನೇ ನಂಬಿತ್ತು; ಕಡಲ ಒಡೆತನ ಪರರ ಕೈಗೆ ಹೋದಾಗ ಸಣ್ಣದಾಯಿತು. ಗೇರುಸೊಪ್ಪೆಯು ಮೆಣಸನ್ನೂ ಅದನ್ನು ಕಾಯುವ ಅರಸೊತ್ತಿಗೆಯನ್ನೂ ನಂಬಿತ್ತು. ಅರಸೊತ್ತಿಗೆ ಬಿದ್ದಾಗ ಕಾಡಾಯಿತು. ಉಳ್ಳಾಲದ ರಾಣಿಗಾದರೋ ಶತ್ರುಗಳು ಸುತ್ತಲೂ ಇದ್ದರು. ಆದರೂ ಅವಳು ಬಿಸಿಲಿನಲ್ಲಿ ನಿಂತು ಗದ್ದೆಗೆ ನೀರು ತರುತ್ತಿದ್ದಳು. ತೋಪಿನ ನೆರಳು, ಪೇಟೆಯ ಬಟ್ಟೆ, ಹಿನ್ನೀರಿನ ವಿಹಾರ, ಇವೆಲ್ಲವೂ ಅತಿಥಿಗೆ ಕಾಣುವ ಪಟ್ಟಣ. ಅದರ ಕೆಳಗಿರುವ ಕಾಲುವೆ ಎಲ್ಲ ಅತಿಥಿಗಳಿಗೂ ಕಾಣುವುದಿಲ್ಲ. ದೆಲ್ಲಾ ವಾಲೆಗೆ ಅದು ಆಕಸ್ಮಿಕವಾಗಿ ಕಂಡಿತು.

ಇಂದು ಹೊನ್ನಾವರಕ್ಕೂ ಉಳ್ಳಾಲಕ್ಕೂ ರೈಲಿನಲ್ಲಿ ಹೋಗಬಹುದು. ಶರಾವತಿಯ ನೀರನ್ನು 1964ರಿಂದ ಲಿಂಗನಮಕ್ಕಿಯ ಕಟ್ಟೆ ಹಿಡಿದಿಟ್ಟಿದೆ. ರಜೆಯ ದಿನಗಳಲ್ಲಿ ಕಡಲ ಗಾಳಿಗಾಗಿ ಅಲ್ಲಿಗೆ ಹೋಗುವ ಕೇಳುಗರು ತೆಂಗಿನ ತೋಟವನ್ನು ಕಂಡು ಸಂತೋಷಪಡಲಿ, ಪೇಟೆಯಲ್ಲಿ ಬೇಕಾದುದನ್ನು ಕೊಳ್ಳಲಿ. ಜೊತೆಗೆ ಆ ಊರಿನ ಅನ್ನ ಎಲ್ಲಿಂದ ಬರುತ್ತದೆ, ಅದರ ಮಕ್ಕಳು ಎಲ್ಲಿ ಓದುತ್ತಾರೆ ಎಂಬುದನ್ನೂ ಒಂದಿಷ್ಟು ವಿಚಾರಿಸಿ, ಸಾಧ್ಯವಾದರೆ ಬರೆದಿಡಲಿ. ನಮ್ಮ ಊರುಗಳ ನಿತ್ಯಜೀವನವನ್ನು ತಿಳಿಯಲು ಮುಂದಿನವರೂ ಪರದೇಶಿಗಳ ಕಾಗದಗಳನ್ನೇ ಹುಡುಕುವಂತಾಗಬಾರದು.